ಖರ್ಜೂರದ ಸಕ್ಕರೆಯೂ ಚಿಗವ್ವನ ಕಣ್ಣೂ

ಕೊಪ್ಪಳದ ನಮ್ಮ ಮನೆಯ ಅಡುಗೆ ಕಟ್ಟೆಯ ಮೇಲೆ, ಮಿಕ್ಸರಿಗೂ ನೀರಿನ ಫಿಲ್ಟರಿಗೂ ನಡುವೆ, ಕರಿಯ ಹೆಲ್ಮೆಟ್ಟಿನಂಥ ಒಂದು ಯಂತ್ರ ಕುಳಿತಿದೆ. ಹೊಸದಾಗಿ ಬಂದವರು ಅದನ್ನು ಕುಕ್ಕರ್ ಎಂದುಕೊಳ್ಳುತ್ತಾರೆ. ಒಬ್ಬರಂತೂ ಬಟ್ಟೆ ಒಗೆಯುವ ಯಂತ್ರದ ಮರಿಯೇ ಎಂದು ಕೇಳಿದರು. ಅದು ಏರ್ ಫ್ರೈಯರ್. ಎಣ್ಣೆಯಿಲ್ಲದೆ ಬರೀ ಬಿಸಿಗಾಳಿಯಲ್ಲಿ ಕರಿಯುವ ಯಂತ್ರ. ಗಾಳಿಯಲ್ಲಿ ಕರಿಯುವುದೆಂದರೇನು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಗಿರಿಜಾ ಅದು ಮನೆಗೆ ಬಂದ ದಿನವೇ ಕೇಳಿದಳು. ನಮ್ಮ ಕಡೆ ಬೇಸಿಗೆಯಲ್ಲಿ ಮಾಳಿಗೆ ಹತ್ತಿ ನಿಂತರೆ ಅದೇ ಕೆಲಸ ಆಗುತ್ತದೆ, ಅದಕ್ಕೆ ಕರೆಂಟು ಯಾಕೆ ಸುಡಬೇಕು ಎಂಬುದು ಅವಳ ವಾದ.

ಇದು ನನಗೆ ನಿವೃತ್ತಿಯ ದಿನ ಬಂದ ಕಾಣಿಕೆ. ಕುಷ್ಟಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ, ಮಕ್ಕಳಿಗಾಗಲಿ ವಿಜ್ಞಾನಕ್ಕಾಗಲಿ ಅಂಥ ದೊಡ್ಡ ಹಾನಿಯೇನೂ ಮಾಡದೆ ನಿವೃತ್ತನಾದೆ. ನಿವೃತ್ತ ಮಾಸ್ತರರಿಗೆ ಶಾಲು ಹೊದಿಸಿ ಗೋಡೆ ಗಡಿಯಾರ ಕೊಡುವುದು ವಾಡಿಕೆ. ಇನ್ನು ಮುಂದೆ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗಬೇಕಾಗಿಲ್ಲದ ಮನುಷ್ಯನಿಗೆ ಗಡಿಯಾರ ಯಾಕೆ ಎಂದು ಯಾರೂ ಯೋಚಿಸುವುದಿಲ್ಲ. ನನ್ನ ಸಹೋದ್ಯೋಗಿಗಳು ಮಾತ್ರ ಯೋಚಿಸಿದರು. ಸಂಜೆ ಸ್ಟಾಫ್ ರೂಮಿಗೆ ಮಿರ್ಚಿ ಭಜಿ ಮಂಡಕ್ಕಿ ಬಂದಾಗಲೆಲ್ಲ ನಾನು ಕರಿದ ಎಣ್ಣೆಯ ದುಷ್ಪರಿಣಾಮಗಳ ಬಗ್ಗೆ ಮಾತಾಡುತ್ತಿದ್ದೆ. ಮೂರನೆಯ ಮಿರ್ಚಿ ಮುಗಿಯುವವರೆಗೂ ಮಾತಾಡುತ್ತಿದ್ದೆ. ಆ ಉಪನ್ಯಾಸಗಳ ಸೇಡನ್ನು ಅವರು ಈ ರೂಪದಲ್ಲಿ ತೀರಿಸಿಕೊಂಡರು.

ಮೊದಲ ದಿನವೇ ಅದರಲ್ಲಿ ಮಿರ್ಚಿ ಮಾಡಲು ಹೋದೆ. ಹಿಟ್ಟೆಲ್ಲ ಜಾಲರಿಯ ಕೆಳಗೆ ಸೋರಿ, ಮೆಣಸಿನಕಾಯಿ ಮಾತ್ರ ಬ್ಯಾಂಡೇಜು ಬಿಚ್ಚಿದ ಬೆರಳಿನ ಹಾಗೆ ಹೊರಗೆ ಬಂತು. ಗಿರಿಜಾ ಅದನ್ನು ತುದಿಯಲ್ಲಿ ಹಿಡಿದು ನೋಡಿ, ಒಲೆಯ ಮೇಲೆ ಎಣ್ಣೆ ಕಾಯಿಸಲು ಇಟ್ಟಳು. ಅಂದಿನಿಂದ ಯಂತ್ರದ ಮೇಲೆ ಹಳೆಯ ರವಿಕೆ ಬಟ್ಟೆಯೊಂದು ಬಿತ್ತು. ಆಯುಧಪೂಜೆಯ ದಿನ ಅದಕ್ಕೂ ವಿಭೂತಿ ಹಚ್ಚಿ ಒಂದು ಚೆಂಡು ಹೂ ಇಟ್ಟೆವು. ವರ್ಷವಿಡೀ ಕೆಲಸ ಮಾಡಿದ ಮಿಕ್ಸರಿಗೂ ಒಂದೇ ಹೂ, ಏನೂ ಮಾಡದ ಇದಕ್ಕೂ ಒಂದೇ ಹೂ. ಸರಕಾರಿ ಕೆಲಸದಲ್ಲಿದ್ದು ಬಂದವನಾದ ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಹೀಗೆ ನೆಮ್ಮದಿಯಿಂದಿದ್ದ ಯಂತ್ರ ಎಚ್ಚರಗೊಂಡದ್ದು ಚಿಗವ್ವ ನಮ್ಮ ಮನೆಗೆ ಬಂದಾಗ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಕುಕನೂರಿನವಳು. ನಮ್ಮ ಹಳ್ಳಿಯಲ್ಲಿ ನಾಲ್ಕನೆಯ ತರಗತಿಯ ಮೇಲೆ ಸಾಲಿ ಇರಲಿಲ್ಲವಾದ್ದರಿಂದ ನಾನು ಅವಳ ಮನೆಯಲ್ಲಿದ್ದು ಓದಿದೆ. ಆಗ ಸಕ್ಕರೆ ಎಂದರೆ ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತು ತರುವ ಸಾಮಾನು. ದಿನದ ಚಹಾಕ್ಕೆ ಬೆಲ್ಲ, ಬೀಗರು ಬಂದರೆ ಮಾತ್ರ ಸಕ್ಕರೆ. ಆ ಸಕ್ಕರೆ ಡಬ್ಬಿಯನ್ನು ಚಿಗವ್ವನ ಅತ್ತೆ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದಳು. ಮಧ್ಯಾಹ್ನ ಅತ್ತೆಗೆ ಜೋಂಪು ಹತ್ತಿದ ಕೂಡಲೇ ಚಿಗವ್ವ ಡಬ್ಬಿಗೆ ಕೈ ಹಾಕುವಳು. ನಾನು ನೋಡಿಬಿಟ್ಟರೆ ನನ್ನ ಬಾಯಿಗೂ ಒಂದು ಚಿಟಿಕೆ ಬೀಳುತ್ತಿತ್ತು. ನಾನು ಅವಳನ್ನು ನೋಡುವ ಸಂದರ್ಭಗಳನ್ನು ಆದಷ್ಟು ಹೆಚ್ಚಿಸಿಕೊಂಡೆ.

ಗೌರಿ ಹುಣ್ಣಿಮೆ ಬಂದರೆ ಅವಳ ಸಂಭ್ರಮ ನೋಡಬೇಕಿತ್ತು. ನಮ್ಮ ಕಡೆ ಆ ಹಬ್ಬಕ್ಕೆ ಸಕ್ಕರೆ ಪಾಕವನ್ನು ಕಟ್ಟಿಗೆಯ ಅಚ್ಚಿಗೆ ಹೊಯ್ದು ಆನೆ, ನವಿಲು, ಗೋಪುರದ ಆರತಿ ಮಾಡುತ್ತಾರೆ. ಹೆಣ್ಣುಮಕ್ಕಳು ಅದನ್ನು ತಾಟಿನಲ್ಲಿಟ್ಟು, ದೀಪ ಹಚ್ಚಿಕೊಂಡು ಸಂಜೆ ಗೌರಿಗೆ ಬೆಳಗಲು ಹೋಗುತ್ತಾರೆ. ಚಿಗವ್ವನ ಮನೆಯಿಂದ ಹೊರಡುವ ಆನೆಗೆ ಮಾತ್ರ ಯಾವ ವರ್ಷವೂ ಸೊಂಡಿಲು ಇರುತ್ತಿರಲಿಲ್ಲ. ಅತ್ತೆ ಕೇಳಿದರೆ, ಅಚ್ಚೇ ಸವೆದಿದೆ ಎನ್ನುವಳು. ಒಮ್ಮೆ ನಾನೇ ಹೆದರಿ, ಗೌರವ್ವ ಸಿಟ್ಟಾಗುವುದಿಲ್ಲವೇ ಎಂದು ಕೇಳಿದ್ದೆ. ಗೌರಿಯ ಮಗನಿಗೆ ಈಗಾಗಲೇ ಒಂದು ಸೊಂಡಿಲು ಇದೆ, ಮನೆಗೆ ಇನ್ನೊಂದು ಯಾಕೆ ಬೇಕು ಎಂದು ಚಿಗವ್ವ ಬಾಯಲ್ಲಿ ಸಕ್ಕರೆ ಇಟ್ಟುಕೊಂಡೇ ಹೇಳಿದಳು.

ಇಂಥವಳಿಗೆ ಮುಪ್ಪಿನಲ್ಲಿ ಸಕ್ಕರೆ ಕಾಯಿಲೆ ಬಂದದ್ದರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಅವಳಿಗಂತೂ ಬೇಸರವೂ ಆಗಲಿಲ್ಲ. ಅವಳಿಗೆ ಬೇಸರವಾದದ್ದು ಇಸ್ಪೀಟಿನಲ್ಲಿ ಸೋಲಲು ಶುರುವಾದಾಗ. ಮಕ್ಕಳ ಮದುವೆಗಳೆಲ್ಲ ಮುಗಿದ ಮೇಲೆ ಚಿಗವ್ವ ಓಣಿಯ ಗೆಳತಿಯರನ್ನು ಕಟ್ಟಿಕೊಂಡು ದಿನಾ ಮಧ್ಯಾಹ್ನ ಪಡಸಾಲೆಯಲ್ಲಿ ರಮ್ಮಿ ಆಡುತ್ತಿದ್ದಳು. ಪಣಕ್ಕೆ ಹುಣಸೆ ಬೀಜ. ಊರಿನಲ್ಲಿ ಅವಳನ್ನು ಸೋಲಿಸಿದವರಿರಲಿಲ್ಲ. ಈಚೆಗೆ ಎದುರುಮನೆಯ ಪಾರವ್ವ ಎಂಬಾಕೆ ಗೆಲ್ಲತೊಡಗಿದಳು. ಗೆದ್ದದ್ದಲ್ಲದೆ, ಗೆದ್ದ ಬೀಜಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಬೀದಿಯುದ್ದಕ್ಕೂ ಸಪ್ಪಳ ಮಾಡುತ್ತ ಹೋಗುತ್ತಿದ್ದಳಂತೆ. ಚಿಗವ್ವ ಮೊದಲು ಎಲೆಗಳ ಬಣ್ಣ ಸರಿಯಿಲ್ಲ ಎಂದಳು. ಮಗ ಹೊಸ ಕಟ್ಟು ತಂದುಕೊಟ್ಟ. ಆಮೇಲೆ ಪಡಸಾಲೆಯ ಬೆಳಕು ಸರಿಯಿಲ್ಲ ಎಂದಳು. ಮಗ ಹೊಸ ಬಲ್ಬು ಹಾಕಿದ. ಕೊನೆಗೆ ಅವಳನ್ನೇ ಕೊಪ್ಪಳಕ್ಕೆ ಕರೆತಂದು ಕಣ್ಣಿನ ಡಾಕ್ಟರಿಗೆ ತೋರಿಸಿದ.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಸಕ್ಕರೆ ಇಷ್ಟು ಮೇಲಿರುವಾಗ ಮಾಡಲು ಬರುವುದಿಲ್ಲ, ಒಂದು ತಿಂಗಳಲ್ಲಿ ಇಳಿಸಿಕೊಂಡು ಬನ್ನಿ ಎಂದರು ಡಾಕ್ಟರು. ಈ ಡಾಕ್ಟರು, ಅಂದರೆ ಮಂಜುನಾಥ, ಕುಷ್ಟಗಿಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ಈ ಜಿಲ್ಲೆಯಲ್ಲಿ ಇದೊಂದು ತೊಂದರೆ. ಬಸ್ಸು ಹತ್ತಿದರೆ ಕಂಡಕ್ಟರ್ ನನ್ನ ವಿದ್ಯಾರ್ಥಿ, ಹೆಲ್ಮೆಟ್ ಇಲ್ಲದೆ ಹೋದರೆ ತಡೆಯುವ ಪೊಲೀಸ್ ನನ್ನ ವಿದ್ಯಾರ್ಥಿ. ಎಲ್ಲರೂ ನಮಸ್ಕಾರ ಮಾಡಿದ ಮೇಲೆಯೇ ದಂಡ ಹಾಕುತ್ತಾರೆ.

ಚಿಗವ್ವನನ್ನು ಸಿಹಿಯಿಂದ ದೂರವಿಡುವುದು ತನ್ನಿಂದಾಗದು ಎಂದು ಅವಳ ಸೊಸೆ ಕೈಚೆಲ್ಲಿದಳು. ತಿಂಗಳ ಮಟ್ಟಿಗೆ ಸರ್ ಮನೆಯಲ್ಲಿರಲಿ, ಅವರಿಗಾದರೂ ಅಂಜುತ್ತಾರೆ ಎಂದಳಂತೆ. ಈ ತಪ್ಪು ತಿಳಿವಳಿಕೆಯ ಮೇಲೆ ಚಿಗವ್ವ ಒಂದು ಕೈಚೀಲ, ಇಸ್ಪೀಟಿನ ಕಟ್ಟು, ಗುಳಿಗೆಯ ಡಬ್ಬಿಗಳ ಸಮೇತ ನಮ್ಮ ಮನೆಗೆ ಬಂದಿಳಿದಳು. ಬಂದವಳೇ ಸಕ್ಕರೆಯಿಲ್ಲದ ಚಹಾದ ಒಂದು ಗುಟುಕು ಕುಡಿದು, ಲೋಟವನ್ನು ದೂರ ಸರಿಸಿ, ಇದು ಚಹಾ ಅಲ್ಲ, ಪಾತ್ರೆ ತೊಳೆದ ನೀರು ಎಂದಳು. ಎರಡು ದಿನ ಊಟವನ್ನೂ ಅರ್ಧಕ್ಕೇ ಬಿಟ್ಟಳು.

ಅಂಥ ಹೊತ್ತಿನಲ್ಲಿ ನನ್ನ ಮೊಬೈಲಿನಲ್ಲಿ ಆ ವಿಡಿಯೋ ಬಂತು. ಹುಟ್ಟಿದಾಗಿನಿಂದ ಒಗ್ಗರಣೆಯನ್ನೇ ಕಂಡಿರದಂಥ ಬಿಳಿಯ ಅಡುಗೆಮನೆ. ಅದರಲ್ಲಿ ನಿಂತ ಹೆಣ್ಣುಮಗಳೊಬ್ಬಳು, ಬಿಳಿ ಸಕ್ಕರೆ ವಿಷ, ಖರ್ಜೂರದ ಸಕ್ಕರೆ ಅಮೃತ, ಇದನ್ನು ಮನೆಯಲ್ಲೇ ಏರ್ ಫ್ರೈಯರಿನಲ್ಲಿ ಮಾಡಿಕೊಳ್ಳಬಹುದು, ಯಾರು ಬೇಕಾದರೂ ತಿನ್ನಬಹುದು ಎಂದಳು. ನಾನು ಎದ್ದು ಕುಳಿತೆ. ಮನೆಯಲ್ಲಿ ಕೆಲಸವಿಲ್ಲದ ಯಂತ್ರವೊಂದಿತ್ತು. ಸಿಹಿಯಿಲ್ಲದೆ ಸೊರಗುತ್ತಿರುವ ಚಿಗವ್ವ ಇದ್ದಳು. ಯಂತ್ರಕ್ಕಿಂತಲೂ ಹೆಚ್ಚು ಕೆಲಸವಿಲ್ಲದ ನಾನಿದ್ದೆ. ಮೂವರ ಸಮಸ್ಯೆಯೂ ಒಂದೇ ಏಟಿಗೆ ಬಗೆಹರಿಯುವಂತಿತ್ತು.

ಗಡಿಯಾರ ಕಂಬದ ಕಡೆಯ ಒಣಹಣ್ಣಿನ ಅಂಗಡಿಗೆ ಹೋಗಿ ಖರ್ಜೂರ ಕೇಳಿದೆ. ನಾನು ಕೊಂಡ ಪ್ರಮಾಣ ನೋಡಿ ಅಂಗಡಿಯವರು, ರಂಜಾನ್ ಇನ್ನೂ ದೂರ ಇದೆಯಲ್ಲ ಸರ್ ಎಂದು ಆತಂಕದಿಂದ ವಿಚಾರಿಸಿದರು. ಮನೆಗೆ ಬಂದು ಬೀಜ ಬಿಡಿಸಲು ಕುಳಿತೆ. ಖರ್ಜೂರದ ಬೀಜ ಬಿಡಿಸುವುದು ಸುಲಭ, ಖರ್ಜೂರವನ್ನು ಬೆರಳಿನಿಂದ ಬಿಡಿಸುವುದು ಕಷ್ಟ. ಅಂಟು ಕೈಯಲ್ಲೇ ಕನ್ನಡಕ ಸರಿಮಾಡಿಕೊಂಡೆ, ಮೊಬೈಲ್ ನೋಡಿದೆ, ಬಾಗಿಲು ತೆರೆದೆ, ಟಿವಿಯ ರಿಮೋಟ್ ಹಿಡಿದೆ. ಆ ಸಂಜೆ ಗಿರಿಜಾ ಅಂಟಿನ ಗುರುತುಗಳ ಜಾಡು ಹಿಡಿದು ನಾನು ಇಡೀ ದಿನ ಎಲ್ಲೆಲ್ಲಿ ಅಡ್ಡಾಡಿದ್ದೆ ಎಂಬುದನ್ನು ಪೊಲೀಸರ ಹಾಗೆ ಹೇಳಿದಳು. ಇರುವೆಗಳು ಅವಳಿಗಿಂತ ಮೊದಲೇ ಕಂಡುಹಿಡಿದಿದ್ದವು.

ಮೊದಲ ಸಲ ಉರಿ ಹೆಚ್ಚಾಯಿತು. ಬೇಗ ಆಗಲಿ ಎಂದು ಯಂತ್ರದ ಶಾಖವನ್ನು ತುದಿಗೇರಿಸಿ ಚಹಾ ಕುಡಿಯಲು ಹೋಗಿದ್ದೆ. ಬರುವಷ್ಟರಲ್ಲಿ ಖರ್ಜೂರಗಳು ಇದ್ದಿಲಾಗಿದ್ದವು. ಹಗುರಾದ ಚೂರೊಂದು ಗಾಳಿಗೆ ಹಾರಿ ಮೇಲಿನ ಕಾಯಿಲ್‌ಗೆ ಅಂಟಿ ಅಲ್ಲೇ ಹೊಗೆಯಾಡುತ್ತಿತ್ತು. ಪಕ್ಕದ ಮನೆಯವರು ಬಂದು, ಟೈರ್ ಸುಡುವ ವಾಸನೆ ನಿಮ್ಮ ಮನೆಯಿಂದಲೇ ಬರುತ್ತಿದೆಯೇ ಎಂದು ಮರ್ಯಾದೆಯಿಂದ ಕೇಳಿದರು. ಚಿಗವ್ವ ಮಾತ್ರ ಆ ಇದ್ದಿಲನ್ನೂ ಒಂದು ಬಾಯಿಗೆ ಹಾಕಿಕೊಂಡು, ಅಂಚು ಬಿಟ್ಟರೆ ಒಳಗೆ ರುಚಿ ಇದೆ ಎಂದಳು.

ಎರಡನೆಯ ಸಲ ತಾಳ್ಮೆಯಿಂದಿದ್ದೆ. ಸಣ್ಣಗೆ ಹೆಚ್ಚಿ, ಒಂದರ ಮೇಲೊಂದು ಬೀಳದಂತೆ ಹರವಿ, ಸಣ್ಣ ಶಾಖದಲ್ಲಿ ಇಟ್ಟೆ. ಆಗಾಗ ಎಳೆದು ನೋಡಿ, ಕುಲುಕಿ, ಮತ್ತೆ ಒಳಗೆ ತಳ್ಳಿದೆ. ಮಧ್ಯಾಹ್ನವೆಲ್ಲ ಅದರ ಮುಂದೆಯೇ ಕಳೆಯಿತು. ಮನೆಯ ತುಂಬ ಬೆಲ್ಲದ ಪಾಕದಂಥ ಪರಿಮಳ. ತೆಗೆದಾಗ ಇನ್ನೂ ಮೆತ್ತಗಿತ್ತು, ಕೆಟ್ಟಿತು ಎಂದುಕೊಂಡೆ. ಆರಿದ ಮೇಲೆ ಒಂದು ಚೂರು ಮುರಿದರೆ ಟಕ್ಕೆಂದು ಸಪ್ಪಳ ಬಂತು. ಆ ಸಪ್ಪಳ ಕೇಳಿ ನನಗಾದ ಆನಂದ, ಮೊದಲ ಸಲ ಲಿಟ್ಮಸ್ ಕಾಗದ ಬಣ್ಣ ಬದಲಿಸಿದಾಗ ಮಕ್ಕಳ ಮುಖದಲ್ಲಿ ಕಾಣುತ್ತಿದ್ದಂಥದು. ಮಿಕ್ಸರಿನಲ್ಲಿ ಬಿಟ್ಟು ಬಿಟ್ಟು ತಿರುವಿ, ಜರಡಿ ಹಿಡಿದು, ಗಾಜಿನ ಭರಣಿಗೆ ತುಂಬಿದೆ. ಕಂದು ಬಣ್ಣದ ನುಣ್ಣನೆಯ ಪುಡಿ. ನೋಡಲು ನಶ್ಯದ ಹಾಗಿತ್ತು. ಒಬ್ಬ ಹಿರಿಯರು ಅದನ್ನು ನಶ್ಯವೆಂದೇ ತಿಳಿದು ಚಿಟಿಕೆ ಏರಿಸಿಕೊಂಡು, ಸೀನು ಬರಲಿಲ್ಲವೆಂದು ಬಹಳ ಹೊತ್ತು ಕಾದರು.

ಖರ್ಜೂರದ ಸಕ್ಕರೆ ಚಹಾದಲ್ಲಿ ಕರಗುವುದಿಲ್ಲ. ವಿಡಿಯೋದ ಹೆಣ್ಣುಮಗಳು ಇದನ್ನು ಹೇಳಿರಲಿಲ್ಲ. ಎಷ್ಟು ತಿರುವಿದರೂ ಲೋಟದ ತಳದಲ್ಲಿ ಕೆರೆಯ ಹೂಳಿನಂತೆ ಕುಳಿತುಕೊಳ್ಳುತ್ತದೆ. ಚಿಗವ್ವ ಮೇಲಿನ ಚಹಾ ಕುಡಿದು, ತಳದ ಹೂಳನ್ನು ಚಮಚದಿಂದ ಎತ್ತಿ ತಿಂದು, ಲೋಟವನ್ನು ಬೆರಳಿನಿಂದ ಒರೆಸಿ, ನನ್ನ ತಲೆ ನೇವರಿಸಿದಳು. ಬಂದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ಕಳೆ ಕಂಡಿತು. ಅಷ್ಟಾದದ್ದೇ ತಡ, ನಾನು ಕಾರ್ಖಾನೆಯನ್ನೇ ತೆರೆದೆ. ಬೆಳಿಗ್ಗೆ ಅದನ್ನು ಹಾಕಿ ಶಿರಾ, ಸಂಜೆ ಗೋದಿ ಹುಗ್ಗಿ, ನಡುವೆ ಬಾಯಾಡಿಸಲು ಬರೀ ಪುಡಿ. ಎಷ್ಟು ಬೇಕಾದರೂ ತಿನ್ನು, ಇದು ಆ ಸಕ್ಕರೆ ಅಲ್ಲ ಎಂದು ನಾನೇ ಒತ್ತಾಯ ಮಾಡುತ್ತಿದ್ದೆ. ಚಿಗವ್ವ ಕುಕನೂರಿಗೆ ಫೋನ್ ಹಚ್ಚಿಸಿ, ನಮ್ಮ ಬಸು ಸಕ್ಕರೆ ಇಲ್ಲದ ಸಕ್ಕರೆ ಮಾಡಿದ್ದಾನೆ ಎಂದು ಓಣಿಗೆಲ್ಲ ತಿಳಿಸಿದಳು. ನಾನು ಓಣಿಯ ಮಟ್ಟಿಗೆ ವಿಜ್ಞಾನಿಯಾದೆ.

ಗಿರಿಜಾಳೊಬ್ಬಳಿಗೇ ಅನುಮಾನ. ಒಂದು ದಿನ ಭರಣಿ ಹಿಡಿದುಕೊಂಡು ಬಂದು ಕೇಳಿದಳು: "ಇದರಾಗ ಸಕ್ರಿ ಐತೋ ಇಲ್ಲೋ, ಅಷ್ಟು ಹೇಳ್ರಿ."

ನಾನು ನಾರಿನಂಶದಿಂದ ಆರಂಭಿಸಿ ಖನಿಜಗಳ ಮೂಲಕ ಹಾಯ್ದು ಬಂದೆ. ಅವಳು ಕೊನೆಯವರೆಗೂ ಕೇಳಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು.

"ಐತಿ. ಆದ್ರ ಅದು ಒಳ್ಳೇ ಸಕ್ರಿ" ಎಂದೆ.

"ಅತ್ತಿಯವರ ರಕ್ತಕ್ಕ ಅದು ಒಳ್ಳೇದು ಅಂತ ಯಾರು ಹೇಳ್ತಾರ್ರಿ? ನೀವು ಹೇಳ್ತೀರೋ, ಆ ರಕ್ತನಽ ಹೇಳ್ತೈತೋ?"

ಮನೆಯಲ್ಲಿ ರಕ್ತ ಪರೀಕ್ಷಿಸುವ ಸಣ್ಣ ಯಂತ್ರವೊಂದಿತ್ತು. ಆದರೆ ಬೆರಳು ಚುಚ್ಚಲು ಚಿಗವ್ವ ಒಪ್ಪಲಿಲ್ಲ. ಸೂಜಿ ಕಂಡರೆ ಸೆರಗಿನೊಳಗೆ ಕೈ ಎಳೆದುಕೊಳ್ಳುತ್ತಿದ್ದಳು. ನನಗೂ ಫಲಿತಾಂಶ ಮೊದಲೇ ಗೊತ್ತಿದ್ದದ್ದರಿಂದ ಒತ್ತಾಯ ಮಾಡಲಿಲ್ಲ. ಕೊಪ್ಪಳದಲ್ಲಿ ನನ್ನಷ್ಟು ನಿಶ್ಚಿಂತನಾದ ಮನುಷ್ಯ ಆ ತಿಂಗಳು ಇನ್ನೊಬ್ಬನಿರಲಿಲ್ಲ.

ತಿಂಗಳು ತುಂಬಿದ ಮೇಲೆ ಮೂವರೂ ಆಸ್ಪತ್ರೆಗೆ ಹೋದೆವು. ರಕ್ತ ಕೊಟ್ಟು, ಕಾದು, ಒಳಗೆ ಹೋಗಿ ಕುಳಿತೆವು. ಮಂಜುನಾಥ ವರದಿಯನ್ನು ನೋಡಿದ. ಮೊದಲಿನ ವರದಿಯನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದ. ಹೆಸರು ಸರಿಯಾಗಿದೆಯೇ ಎಂದೂ ನೋಡಿದ. ಸಕ್ಕರೆ ಇಳಿಯುವ ಮಾತಿರಲಿ, ಮೊದಲಿಗಿಂತ ಮೇಲೆ ಹತ್ತಿ ಕುಳಿತಿತ್ತು. ಏನು ತಿನ್ನುತ್ತಿದ್ದೀರಿ ಎಂದು ಚಿಗವ್ವನನ್ನು ಕೇಳಿದ. ಅವಳು ಅಭಿಮಾನದಿಂದ, ನಿಮ್ಮ ಸರ್ ಮಷಿನ್‌ನಲ್ಲಿ ಮಾಡಿದ ಖರ್ಜೂರದ ಸಕ್ಕರೆ, ದಿನಾ ಹೊಟ್ಟೆ ತುಂಬ ಎಂದಳು. ಮಾಡುವ ರೀತಿಯನ್ನೂ ವಿವರಿಸಿದಳು. ನಾನು ಗೋಡೆಯ ಮೇಲಿದ್ದ ಕಣ್ಣಿನ ಚಿತ್ರದಲ್ಲಿ ಆಸಕ್ತಿ ತಳೆದೆ.

ಮಂಜುನಾಥ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕುಳಿತ. ಆ ಮರ್ಯಾದೆಯನ್ನು ನಾನು ಮರೆಯಲಾರೆ.

"ಸರ್, ಎಂಟನೇತ್ತದ ಕ್ಲಾಸಿನ್ಯಾಗ ನೀವು ನಮಗೊಂದು ಪ್ರಯೋಗ ಮಾಡಿ ತೋರಿಸಿದ್ರಿ. ಉಪ್ಪಿನ ನೀರು ಬಟ್ಟಲದಾಗ ಹಾಕಿ ಕಾಸಿದ್ರಿ."

"ಹೌದಪಾ."

"ನೀರು ಹೋದ ಮ್ಯಾಲ ಬಟ್ಟಲದಾಗ ಏನ್ ಉಳೀತ್ರಿ ಸರ್?"

ಉಪ್ಪು ಎಂದು ನಾನು ಹೇಳಲಿಲ್ಲ. ಗಿರಿಜಾ ಹೇಳಿದಳು. ಖರ್ಜೂರದ ವಿಷಯದಲ್ಲೂ ಹೋದದ್ದು ನೀರು ಮಾತ್ರ, ಸಿಹಿಯೆಲ್ಲ ಭರಣಿಯಲ್ಲೇ ಉಳಿದಿದೆ, ಅದೂ ಮೊದಲಿಗಿಂತ ಮಂದವಾಗಿ ಎಂದು ಮಂಜುನಾಥ ಮೆಲ್ಲಗೆ ಬಿಡಿಸಿ ಹೇಳಿದ. ಆಪರೇಷನ್ ಮುಂದೆ ಹೋಯಿತು. ಬಲಗಣ್ಣು ಮೊದಲಿಗಿಂತ ಕೆಟ್ಟಿದೆ, ಹೀಗೇ ಬಿಟ್ಟರೆ ಮುಂದೆ ಕಷ್ಟ ಎಂದೂ ಹೇಳಿದ. ನೀವೂ ಒಮ್ಮೆ ರಕ್ತ ಕೊಟ್ಟು ಹೋಗಿ ಸರ್, ರುಚಿ ನೋಡುತ್ತ ಬಂದಿರುತ್ತೀರಿ ಎಂದ. ಕೊಟ್ಟೆ. ಸಕ್ಕರೆ ಕಾಯಿಲೆಯ ಗಡಿಯ ಮೇಲೆ ನಾನೂ ನಿಂತಿದ್ದೇನೆ ಎಂದು ಗೊತ್ತಾಯಿತು.

ಹೊರಗೆ ಬರುವಾಗ ಚಿಗವ್ವ ಮೆಟ್ಟಿಲು ಕಾಣದೆ ಎಡವಿದಳು. ನಾನು ಹಿಡಿದೆ. ಹಿಡಿದ ಕೈಯನ್ನು ಅವಳು ಬಿಡಲಿಲ್ಲ. ಗಿರಿಜಾ ಗುಳಿಗೆ ತರಲು ಹೋದಳು, ನಾವಿಬ್ಬರೂ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕುಳಿತೆವು. ನನ್ನ ಕೈಯಾರೆ ಇವಳ ಕಣ್ಣು ಕಳೆಯುತ್ತಿದ್ದೆನಲ್ಲ ಎನಿಸಿತು.

"ಚಿಗವ್ವ, ನನಗ ತಿಳೀಲಿಲ್ಲ" ಎಂದೆ.

"ನಿನಗ ತಿಳೀಲಿಲ್ಲ. ನನಗ ತಿಳಿದಿತ್ತಲ್ಲೋ ತಮ್ಮಾ."

ನಾನು ಅವಳ ಮುಖ ನೋಡಿದೆ.

"ಖಜೂರದಾಗ ಸಕ್ರಿ ಇರ್ತೈತಿ ಅನ್ನೂದಕ್ಕ ಸಾಲಿ ಕಲೀಬೇಕೇನು? ಬಾಯಾಗ ಇಟ್ಕೊಂಡ್ರ ಗೊತ್ತಾಗ್ತೈತಿ."

"ಮತ್ತ ಯಾಕ ತಿಂದಿ?"

ಅವಳು ರಸ್ತೆಯ ಕಡೆ ಮುಖ ಮಾಡಿ ಹೇಳಿದಳು: "ಸಕ್ರಿ ಇಳದ್ರ ಕಣ್ಣು ಕೊಯ್ತಾರಲ್ಲೋ."

ಅತ್ತೆಗೆ ಹೆದರದವಳು, ಗೌರಿಗೆ ಹೆದರದವಳು. ಚಿಕ್ಕಂದಿನಲ್ಲಿ ಮನೆಗೆ ಹಾವು ಬಂದಾಗ ನಮ್ಮನ್ನೆಲ್ಲ ಹೊರಗೆ ಕಳಿಸಿ, ತಾನೊಬ್ಬಳೇ ಒಳಗೆ ಹೋಗಿ ಅದನ್ನು ಕೋಲಿನಿಂದ ಎತ್ತಿ ಬೇಲಿಯಾಚೆ ಒಗೆದು ಬಂದವಳು. ಅಂಥವಳು ನನ್ನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಈಗ ಮಸುಕಾಗಿಯಾದರೂ ಮೊಮ್ಮಕ್ಕಳ ಮುಖ ಗುರುತು ಹತ್ತುತ್ತದೆ, ಕೊಯ್ದ ಮೇಲೆ ಅದೂ ಹೋದರೆ ಏನು ಮಾಡಲಿ ಎಂಬುದು ಅವಳ ಭಯ. ಯಾರಿಗೆ ಹೇಳಿದರೂ ನಗುತ್ತಾರೆ. ಅಷ್ಟರಲ್ಲಿ ಅಕ್ಕನ ಮಗ ಭರಣಿ ತುಂಬ ನೆಪ ಮಾಡಿಕೊಟ್ಟ. ರುಚಿಯಾಗಿಯೂ ಇತ್ತು. ನನ್ನ ಅಜ್ಞಾನ ಯಾರಿಗಾದರೂ ಇಷ್ಟು ಉಪಕಾರಕ್ಕೆ ಬಂದದ್ದು ಅದೇ ಮೊದಲು.

ಗುಳಿಗೆ ತಂದ ಗಿರಿಜಾ ಹಿಂದೆ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು ಎಂಬುದು ನನಗೆ ಆಮೇಲೆ ತಿಳಿಯಿತು. ಅವಳು ಸಮಾಧಾನವನ್ನೂ ಹೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಮರುದಿನ ಮಧ್ಯಾಹ್ನ ಅಡುಗೆಮನೆ ಒರೆಸಿ ಬಂದು, ಚಿಗವ್ವನ ಎದುರು ಚಕ್ಕಳಮಕ್ಕಳ ಹಾಕಿ ಕುಳಿತು, ಎಲೆ ಹಂಚಿರಿ ಎಂದಳು. ಅವಳಿಗೆ ರಮ್ಮಿ ಬರುತ್ತದೆ ಎಂದು ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಗೊತ್ತಿರಲಿಲ್ಲ. ಗಂಗಾವತಿಯ ಅವಳ ತವರಿನಲ್ಲಿ ಭತ್ತದ ಸುಗ್ಗಿ ಮುಗಿದ ಮೇಲೆ ಮನೆಮಂದಿಯೆಲ್ಲ ಆಡುತ್ತಿದ್ದರಂತೆ. ಕಾಲುವೆ ನೀರಿನ ಊರಿನವರಿಗೆ ಪುರಸೊತ್ತು ಜಾಸ್ತಿ ಎಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೆ.

ಗಿರಿಜಾ ಗೆದ್ದಳು. ಮರುದಿನವೂ ಗೆದ್ದಳು. ಮೂರನೆಯ ದಿನ ನಾನು ಅವಳ ಹಿಂದೆ ನಿಂತು ನೋಡಿದೆ. ಒಂದೇ ಜಾತಿಯ, ಸ್ಪೇಡಿನ, ಎಲೆಗಳ ಸಾಲಿನ ನಡುವೆ ಕಳಾವರದ, ಅಂದರೆ ಕ್ಲಬ್ಬಿನ, ಎಲೆಯೊಂದನ್ನು ಸೇರಿಸಿ, ಆಟ ಮುಗಿಯಿತು ಎಂದು ನೆಲದ ಮೇಲೆ ಹರವಿದ್ದಳು. ಎರಡೂ ಕರಿ ಬಣ್ಣದವು. ಚಿಗವ್ವ ಬಗ್ಗಿ ನೋಡಿ, ತಲೆದೂಗಿ, ಹುಣಸೆ ಬೀಜ ಎಣಿಸಿ ಕೊಟ್ಟಳು. ನಾನು ಬಾಯಿ ತೆರೆಯುವುದರೊಳಗೆ ಗಿರಿಜಾ ನನ್ನ ಕಡೆ ನೋಡಿದ ನೋಟಕ್ಕೆ ನಾನು ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದೆ. ಹೀಗೆ ಆ ವಾರವೆಲ್ಲ ನಡೆಯಿತು. ಚಿಗವ್ವನ ಬೀಜಗಳೆಲ್ಲ ಖಾಲಿಯಾದ ದಿನ ಗಿರಿಜಾ ಕೊನೆಯ ಸಾಲನ್ನು ಹರವಿ ಹೇಳಿದಳು:

"ಅತ್ತಿಯವರ, ಸಿಟ್ಟಾಗಬ್ಯಾಡ್ರಿ. ನಾ ಇಷ್ಟು ದಿನ ನಿಮಗ ಮೋಸ ಮಾಡಿ ಗೆದ್ದೇನ್ರಿ. ನಿಮ್ಮ ಕಣ್ಣ ಮುಂದನಽ."

ಚಿಗವ್ವ ನಂಬಲಿಲ್ಲ. ಹರವಿದ್ದ ಸಾಲಿನಿಂದ ಗಿರಿಜಾ ಬೆರಳಿಟ್ಟ ಎಲೆ ಎತ್ತಿ ಕಣ್ಣಿನ ಹತ್ತಿರ ಹಿಡಿದಳು. ದೂರ ಹಿಡಿದಳು. ಕಿಟಕಿಯ ಬೆಳಕಿಗೆ ತಿರುಗಿಸಿದಳು. ಕೊನೆಗೆ ನನ್ನ ಕೈಗೆ ಕೊಟ್ಟು ಏನದು ಎಂದು ಕೇಳಿದಳು. ಕಳಾವರ ಎಂದೆ. ಅವಳ ಮುಖದಲ್ಲಿ ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. ಏನೋ ಲೆಕ್ಕ ಹಾಕುತ್ತಿದ್ದಳು. ಅವಳ ಮನಸ್ಸು ಆಗ ನಮ್ಮ ಮನೆಯಲ್ಲಿರಲಿಲ್ಲ, ಕುಕನೂರಿನ ಪಡಸಾಲೆಗೆ ಹೋಗಿತ್ತು.

"ಪಾರವ್ವನೂ ಹಿಂಗಽ ಮಾಡ್ಯಾಳ ಅಂತೀಯೇನು?"

"ನನಗೇನ್ ಗೊತ್ತರಿ. ಆಕಿ ಜಾಗದಾಗ ನಾ ಇದ್ದಿದ್ರ ಮಾಡ್ತಿದ್ದೆ" ಎಂದಳು ಗಿರಿಜಾ.

ಚಿಗವ್ವ ಎಲೆಗಳನ್ನು ಒಟ್ಟುಗೂಡಿಸಿ ಡಬ್ಬಿಗೆ ಹಾಕಿದಳು. ನನ್ನ ಕಡೆ ತಿರುಗಿ, ಆ ಭರಣಿ ಯಾರಿಗಾದರೂ ಕೊಟ್ಟು ಬಾ ಎಂದಳು. ಪಕ್ಕದ ಮನೆಯವರಿಗೆ ಕೊಟ್ಟೆ. ಟೈರಿನ ವಾಸನೆ ಸಹಿಸಿದವರಿಗೆ ಅಷ್ಟಾದರೂ ಸಲ್ಲಬೇಕಿತ್ತು.

ಆಮೇಲಿನ ದಿನಗಳಲ್ಲಿ ಅವಳ ಹಟ ನೋಡಿ ನನಗೇ ಸುಸ್ತಾಯಿತು. ಎರಡು ಹೊತ್ತು ಜೋಳದ ರೊಟ್ಟಿ, ಪುಂಡಿಪಲ್ಲೆ, ಹೆಸರುಕಾಳು. ಸಿಹಿ ಇಲ್ಲದ ಚಹಾವನ್ನು ಕಷಾಯದಂತೆ ಕಣ್ಣು ಮುಚ್ಚಿ ಕುಡಿಯುವಳು. ಬೆಳಿಗ್ಗೆ ಕೆರೆಯ ದಂಡೆಗೆ ನಡೆಯಲು ಹೋಗುವಾಗ ನನ್ನ ಕೈ ಹಿಡಿದಿರುತ್ತಿದ್ದಳು. ನೋಡಿದವರು ನಾನು ಅವಳನ್ನು ನಡೆಸುತ್ತಿದ್ದೇನೆ ಎಂದುಕೊಳ್ಳುತ್ತಿದ್ದರು. ಎಳೆಯುತ್ತಿದ್ದವಳು ಅವಳು. ಗಡಿಯ ಮೇಲೆ ನಿಂತವನಾದ್ದರಿಂದ ನನಗೂ ಅದೇ ರೊಟ್ಟಿ, ಅದೇ ಚಹಾ. ಚಿಗವ್ವ ಬೆರಳು ಚುಚ್ಚಿಸಿಕೊಳ್ಳಲೂ ಕಲಿತಳು. ಚುಚ್ಚುವಾಗ ಪಾರವ್ವನ ಹೆಸರು ಹಿಡಿದು ಬೈಯಿರಿ, ನೋವಾಗುವುದಿಲ್ಲ ಎಂದು ಗಿರಿಜಾ ಹೇಳಿಕೊಟ್ಟಿದ್ದಳು. ಆ ಬೈಗುಳಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಹೆದರಿಕೆ ಮಾತ್ರ ಹೋಗಿರಲಿಲ್ಲ. ಅದನ್ನು ಮಂಜುನಾಥನಿಗೆ ಬಾಯಿಬಿಟ್ಟು ಹೇಳಿದವಳೂ ಗಿರಿಜಾ. ಅವನು ನಗಲಿಲ್ಲ. ಚಿಗವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಏನು ಮಾಡುತ್ತೇವೆ, ಎಷ್ಟು ಹೊತ್ತು, ಎಲ್ಲಿ ನೋಯುತ್ತದೆ, ಎಲ್ಲಿ ನೋಯುವುದಿಲ್ಲ ಎಂದು ಪ್ಲಾಸ್ಟಿಕ್ಕಿನ ಕಣ್ಣಿನ ಗೊಂಬೆ ಹಿಡಿದು ತೋರಿಸಿದ. ಅವಳು ಆ ಗೊಂಬೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ಮುಟ್ಟಿ ನೋಡಿದಳು. ಸಕ್ಕರೆ ಹದಕ್ಕೆ ಬಂದ ಮೇಲೆ ಬಲಗಣ್ಣಿಗೆ ದಿನ ಗೊತ್ತುಮಾಡಿದರು. ಆ ದಿನ ಹಸಿರು ಬಟ್ಟೆ ಉಟ್ಟು, ಗಾಲಿಕುರ್ಚಿಯಲ್ಲಿ ಕುಳಿತು ಒಳಗೆ ಹೋಗುವಾಗ ಬಾಗಿಲಲ್ಲಿ ನಿಲ್ಲಿಸಿ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿದಳು.

"ನಿಮ್ಮ ಸರ್ ಒಳಗ ಬರೂದಿಲ್ಲ, ಹೌದಿಲ್ಲೋ?"

ಇಲ್ಲ ಎಂದ ಮೇಲೆ ನಿರಾಳವಾಗಿ ಹೋದಳು. ಹೊರಗೆ ಗಿರಿಜಾ ವಿಭೂತಿಗಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಪುಡಿಪುಡಿ ಮಾಡಿದಳು. ನಾನು ಗೋಡೆಯ ಮೇಲಿನ ಸೂಚನೆಗಳನ್ನೆಲ್ಲ ಓದಿ, ಕಾಗುಣಿತ ತಿದ್ದಿ, ಮತ್ತೆ ಮೊದಲಿನಿಂದ ಓದಿದೆ.

ಆಪರೇಷನ್ ಚೆನ್ನಾಗಿ ಆಯಿತು. ಪಟ್ಟಿ ತೆಗೆದ ದಿನ ಅವಳು ದೊಡ್ಡದೇನನ್ನೂ ಹೇಳಲಿಲ್ಲ. ನರ್ಸಮ್ಮನ ಸೀರೆಯ ಅಂಚಿನ ಬಣ್ಣ ಚೆನ್ನಾಗಿದೆ ಎಂದಳು. ಗಿರಿಜಾಳ ಗಲ್ಲ ಹಿಡಿದು ಬಹಳ ಹೊತ್ತು ನೋಡಿ, ಕೂದಲಿಗೆ ಬಣ್ಣ ಹಚ್ಚುತ್ತೀ, ಇಷ್ಟು ದಿನ ನನಗೆ ಹೇಳಲಿಲ್ಲ ಎಂದಳು. ಹನಿ ಹಾಕುವ ದಿನಗಳೆಲ್ಲ ಮುಗಿದು, ಡಾಕ್ಟರು ಊರಿಗೆ ಹೋಗಲು ಹೇಳಿದ ಮೇಲೆ ನಾನು ಅವಳನ್ನು ಬಿಟ್ಟುಬರಲು ಕುಕನೂರಿನ ಬಸ್ಸು ಹತ್ತಿದೆ. ತಾನು ಬರುವ ಸುದ್ದಿ ಪಾರವ್ವನ ಕಿವಿಗೆ ಬೀಳಕೂಡದೆಂದು ಮಗನಿಗೆ ಮೊದಲೇ ತಾಕೀತು ಮಾಡಿದ್ದಳು.

ಕಿಟಕಿಯ ಪಕ್ಕ ಅವಳೇ ಕುಳಿತಳು. ಬಸ್ಸು ಊರು ಬಿಡುವವರೆಗೂ ಕರಿ ಕನ್ನಡಕವನ್ನು ಹಣೆಗೆ ಏರಿಸುತ್ತ ಇಳಿಸುತ್ತ ಕಂಡ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದಳು. ಗೊಬ್ಬರದ ಅಂಗಡಿ, ಟೈಲರ್ ಅಂಗಡಿ, ಹುಟ್ಟುಹಬ್ಬದ ಬ್ಯಾನರುಗಳು. ಬ್ಯಾನರಿನಲ್ಲಿದ್ದವರ ಮೀಸೆಗಳ ಬಗ್ಗೆ ಅವಳು ಆಡಿದ ಮಾತಿಗೆ ಹಿಂದಿನ ಸೀಟಿನವರು ನಕ್ಕರು. ಮೆಲ್ಲಗೆ ಓದು ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಭಾನಾಪುರ ದಾಟಿ ಬಯಲು ಬಿದ್ದ ಮೇಲೆ ಓದಲು ಏನೂ ಉಳಿಯಲಿಲ್ಲ, ಸುಮ್ಮನಾದಳು. ಎರಡೂ ಕಡೆ ಆಳೆತ್ತರದ ಜೋಳ ನಿಂತಿತ್ತು. ನಾನು ಸ್ವಲ್ಪ ಕಣ್ಣು ಮುಚ್ಚಿದ್ದೆ. ಮೊಣಕೈಯಿಂದ ತಿವಿದಳು.

ದೂರದ ದಿಬ್ಬದ ಉದ್ದಕ್ಕೂ ಗಾಳಿಯಂತ್ರಗಳು ನಿಂತಿದ್ದವು. ಬಿಳಿಯ ಕಂಬಗಳು, ಒಂದೊಂದಕ್ಕೂ ಮೂರು ಮೂರು ಉದ್ದನೆಯ ರೆಕ್ಕೆ. ಎಲ್ಲವೂ ನಿಧಾನವಾಗಿ ತಿರುಗುತ್ತಿದ್ದವು. ಅವು ಅಲ್ಲಿ ಎದ್ದು ವರ್ಷಗಳೇ ಆಗಿವೆ. ಆದರೆ ಅವು ಏಳುತ್ತಿದ್ದ ವರ್ಷಗಳಲ್ಲೇ ಅವಳ ಕಣ್ಣು ಮಂಜಾಗುತ್ತ ಬಂದಿತ್ತು. ಮನೆಯವರು ಅವುಗಳ ಬಗ್ಗೆ ಮಾತಾಡಿದಾಗಲೆಲ್ಲ ಚಿಗವ್ವ, ಹೌದು, ಭಾರೀ ಚೆಂದ ಇವೆ ಎಂದು ತಲೆದೂಗುತ್ತ ಬಂದಿದ್ದಳಂತೆ. ನೋಡಿದ್ದು ಇವತ್ತೇ.

ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬಾಯಿ ಸ್ವಲ್ಪ ತೆರೆದಿತ್ತು. ಬಸ್ಸು ತಿರುವಿನಲ್ಲಿ ಹೊರಳಿದಾಗ ಯಂತ್ರಗಳ ಸಾಲೂ ಅವಳ ಕಡೆ ಹೊರಳಿದಂತೆ ಕಂಡಿತು. ಕಿಟಕಿಯ ಸರಳಿಗೆ ಹಣೆ ಹಚ್ಚಿ, ಕೊನೆಯದು ಹಿಂದೆ ಸರಿಯುವವರೆಗೂ ನೋಡಿದಳು. ಬಿಸಿಗಾಳಿ ಒಳಗೆ ನುಗ್ಗಿ ಬರುತ್ತಿತ್ತು. ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು, ನನ್ನ ಕಡೆ ತಿರುಗಿ ಕೇಳಿದಳು:

"ಇಷ್ಟು ಫ್ಯಾನ್ ಹಚ್ಯಾರಲ್ಲೋ, ಮತ್ತ ನಮ್ಮೂರಾಗ ಧಗಿ ಯಾಕ ಕಡಿಮಿ ಆಗವಲ್ಲದು?"